ಬಸ್ ಸ್ಟ್ಯಾಂಡಿನಿಂದ ಬಂದ ಅಡ್ಮಿಷನ್ ಆಫೀಸರು

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮೂರು ದಿನ ತಡವಾಗಿ. ಪುಟ್ಟರಾಜು ಫೋನ್ ಮಾಡಿ, ಸಾರ್ ಹೋಗ್ಬುಟ್ರಂತೆ ಕಣಮ್ಮ, ಮಣ್ಣೂ ಆಗೋಯ್ತಂತೆ ಎಂದ. ಯಾವ ಸಾರ್ ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರ ಮಾತಿನಲ್ಲಿ ಹಿಂದೆ ಮುಂದೆ ಹೆಸರಿಲ್ಲದೆ ಬರೀ ಸಾರ್ ಎಂದರೆ ಅವರೊಬ್ಬರೇ. ನಾವಿಬ್ಬರೂ ಅವರ ಕೈಕೆಳಗೆ ಕೆಲಸ ಮಾಡಿದ್ದು ಎರಡು ವರ್ಷವೂ ತುಂಬಲಿಲ್ಲ. ಆಮೇಲೆ ಎಷ್ಟು ಜನ ಮೇಲಧಿಕಾರಿಗಳು ಬಂದರು, ಹೋದರು. ಅವರ ಹೆಸರುಗಳನ್ನು ಈಗ ಜ್ಞಾಪಿಸಿಕೊಂಡು ಹೇಳಬೇಕು.

ಇವರ ಹೆಸರು ಚೆನ್ನಾಗಿ ಜ್ಞಾಪಕವಿದೆ, ಆದರೆ ಬರೆಯುವುದಿಲ್ಲ. ಕಾಲೇಜಿನ ಹೆಸರನ್ನೂ ಬರೆಯುವುದಿಲ್ಲ. ಅದು ಇನ್ನೂ ನಡೆಯುತ್ತಿದೆ, ಅಲ್ಲಿ ಮಕ್ಕಳು ಓದುತ್ತಿದ್ದಾರೆ. ನಾನೂ ಅದರ ಅನ್ನ ತಿಂದವಳು.

ನಾನು ಮಾಗಡಿ ತಾಲೂಕಿನ ಕಲ್ಯದವಳು. ಬಿ.ಕಾಂ. ಮುಗಿಸಿ ಒಂದು ವರ್ಷ ಮನೆಯಲ್ಲಿದ್ದು, ರಾಮನಗರದ ಹೊರಗಿದ್ದ ಆ ಖಾಸಗಿ ಕಾಲೇಜಿನ ಅಡ್ಮಿಷನ್ ಸೆಕ್ಷನ್ನಿಗೆ ಸೇರಿದೆ. ಸೆಕ್ಷನ್ ಎಂದರೆ ಮಹಡಿ ಮೆಟ್ಟಿಲಿನ ಪಕ್ಕದ ಒಂದು ಕೋಣೆ, ಮೂರು ಮೇಜು, ಎರಡು ಫೋನು, ಒಂದು ಬೀರು. ಮೇಜಿಗೊಬ್ಬರಂತೆ ನಾನು, ಪುಟ್ಟರಾಜು, ಶೈಲಜ. ಹತ್ತನೇ ಕ್ಲಾಸು, ಪಿಯುಸಿ ಪಾಸಾದವರ ಪಟ್ಟಿ ಎಲ್ಲಿಂದಲೋ ನಮ್ಮ ಕೈಗೆ ಬರುತ್ತಿತ್ತು. ಮೊಬೈಲು ಇನ್ನೂ ಎಲ್ಲರ ಕೈಗೂ ಬಂದಿರದ ಕಾಲ. ಹಳ್ಳಿಯಲ್ಲಿ ಫೋನಿದ್ದ ಮನೆಗೆ ಮಾಡಿ, ಪಕ್ಕದ ಮನೆಯವರನ್ನು ಕರೆಸಿ ಮಾತಾಡಬೇಕಾಗಿತ್ತು. ಏನು ಮಾತಾಡಬೇಕು ಎನ್ನುವುದನ್ನು ಕಾಲೇಜು ನಡೆಸುತ್ತಿದ್ದ ಸೆಕ್ರೆಟರಿಯವರು ಟೈಪ್ ಮಾಡಿಸಿ ನಮ್ಮ ಮೇಜಿನ ಗಾಜಿನ ಕೆಳಗೆ ಇಡಿಸಿದ್ದರು. ಎರಡೇ ಸೀಟು ಉಳಿದಿವೆ. ಇವತ್ತೇ ಕೊನೆಯ ದಿನ. ಓದು ಮುಗಿಯುವ ಮೊದಲೇ ಕೆಲಸ ಖಂಡಿತ. ನಾವು ಅದನ್ನು ಓದುತ್ತಿದ್ದೆವು. ಸ್ವಲ್ಪ ದಿನದಲ್ಲಿ ಓದುವ ಅಗತ್ಯವೂ ಬೀಳಲಿಲ್ಲ. ಮೂವರಲ್ಲಿ ನಾನೇ ಮುಂದು. ನನ್ನ ದನಿ ಕೇಳಿದರೆ ನಂಬಿಕೆ ಬರುತ್ತದೆ ಎಂದು ಸೆಕ್ರೆಟರಿಯವರು ಎಲ್ಲರೆದುರು ಹೇಳಿದ್ದರು. ಅದನ್ನು ಕೇಳಿ ನಾನು ಹಿಗ್ಗಿದ್ದೆ.

ಸಾರ್ ಬಂದದ್ದು ಇಂಥ ಕೋಣೆಗೆ. ಮೊದಲು ಅವರು ಸರ್ಕಾರಿ ಬಸ್ಸಿನ ಕಂಟ್ರೋಲರ್. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಬಸ್ ಸ್ಟ್ಯಾಂಡುಗಳಲ್ಲಿ ಕೆಲಸ ಮಾಡಿ, ಕೊನೆಯ ಹತ್ತಾರು ವರ್ಷ ವಿಚಾರಣೆ ಕೌಂಟರಿನ ಕಂಬಿಯ ಹಿಂದೆ ಕೂತು ನಿವೃತ್ತರಾದವರು. ನಾಲ್ಕು ತಾಲೂಕಿನಲ್ಲಿ ಅವರ ಮುಖ ಕಾಣದ ಊರಿಲ್ಲ. ಸೆಕ್ರೆಟರಿಯವರ ಲೆಕ್ಕಾಚಾರ ಅದೇ ಇತ್ತು. ಹಳ್ಳಿಯವರು ಈ ಮನುಷ್ಯನ ಮುಖ ನೋಡಿ ಮಕ್ಕಳನ್ನು ತಂದು ಸೇರಿಸುತ್ತಾರೆ, ಜೊತೆಗೆ ಜನರ ಹತ್ತಿರ ಹೇಗೆ ಮಾತಾಡಬೇಕೆಂದು ಈ ಮೂವರಿಗೆ ಅವರೇ ಕಲಿಸುತ್ತಾರೆ. ಹೀಗೆ ಬಸ್ ಸ್ಟ್ಯಾಂಡಿನಿಂದ ನಮಗೊಬ್ಬ ಅಡ್ಮಿಷನ್ ಆಫೀಸರು ಬಂದರು.

ನಾವು ಒಳಗೊಳಗೇ ನಕ್ಕೆವು. ಎಣ್ಣೆ ಹಚ್ಚಿ ಬಾಚಿದ ನರೆಗೂದಲು, ತೋಳು ಮಡಿಸಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಯಾರಾದರೂ ಮಾತಾಡಿದರೆ ತಲೆಯನ್ನು ಎಡಕ್ಕೆ ಓರೆ ಮಾಡಿ ಬಲಗಿವಿ ಕೊಡುತ್ತಿದ್ದರು. ಬಸ್ಸುಗಳ ಹಾರ್ನ್ ಶಬ್ದ ಎಡಗಿವಿಯನ್ನು ತಿಂದುಹಾಕಿತ್ತು. ಎದುರಿನವರು ಹೇಳಿ ಮುಗಿಸಿದ ಮೇಲೂ ಒಂದು ಕ್ಷಣ ಸುಮ್ಮನಿರುತ್ತಿದ್ದರು, ಇನ್ನೇನಾದರೂ ಬಾಕಿ ಇದೆಯೇನೋ ಎನ್ನುವ ಹಾಗೆ. ಆ ಒಂದು ಕ್ಷಣದಲ್ಲಿ ಜನ ನಿಜವಾದ ಪ್ರಶ್ನೆ ಕೇಳುತ್ತಿದ್ದರು ಎಂದು ನನಗೆ ತಿಳಿದದ್ದು ಬಹಳ ದಿನದ ಮೇಲೆ. ಫೀಸು ಎಷ್ಟು, ಹಾಸ್ಟೆಲು ಎಲ್ಲಿ ಎಂದೆಲ್ಲ ಕೇಳಿ ಆದಮೇಲೆ ಒಬ್ಬ ತಾಯಿ ಆ ಮೌನದಲ್ಲಿ, ನನ್ನ ಮಗಳಿಗೆ ತಿಂಗಳು ತಿಂಗಳು ಹೊಟ್ಟೆನೋವು ವಿಪರೀತ ಬತ್ತದೆ, ಆವಾಗ ಮಲಗಕ್ಕೆ ಬುಡ್ತಾರಾ ಎಂದು ಕೇಳಿದ್ದಳು. ಅವಳು ಬಂದದ್ದೇ ಅದನ್ನು ಕೇಳುವುದಕ್ಕೆ.

ಬಂದ ಮೊದಲನೇ ದಿನ ಅವರು ಗಾಜಿನ ಕೆಳಗಿದ್ದ ಹಾಳೆಯನ್ನು ಓದಿದರು. ಮಾರನೆಯ ದಿನ ನಮ್ಮ ಮೂವರನ್ನೂ ಎದುರಿಗೆ ಕೂರಿಸಿಕೊಂಡು, ನಾನು ಅಪ್ಪ, ನೀನು ಆಫೀಸು, ಮಾತಾಡು ಎಂದು ನನಗೆ ಹೇಳಿದರು. ನಾನು ಪಾಠ ಒಪ್ಪಿಸಿದಂತೆ ಎಲ್ಲ ಹೇಳಿದೆ. ಎರಡೇ ಸೀಟು ಎಂದಾಗ, ಒಟ್ಟು ಎಷ್ಟು ಎಂದು ಕೇಳಿದರು. ಅರವತ್ತು ಎಂದೆ. ಸೇರಿರೋರು ಎಷ್ಟು ಎಂದರು. ಹದಿನಾಲ್ಕು ಎಂದು ಹೇಳುವಷ್ಟರಲ್ಲಿ ನನ್ನ ಮುಖ ಕೆಂಪಾಗಿತ್ತು. ಅವರು ಬೈಯಲಿಲ್ಲ. ಈಗ ನೀನು ಅಪ್ಪ ಆಗು, ನಾನು ಆಫೀಸು ಎಂದು ಕುರ್ಚಿ ಬದಲಾಯಿಸಿದರು. ಅವತ್ತು ಮಧ್ಯಾಹ್ನದವರೆಗೂ ನಾವು ಮೂವರೂ ಸರದಿಯಲ್ಲಿ ಅಪ್ಪಂದಿರಾದೆವು, ಅಮ್ಮಂದಿರಾದೆವು. ಶೈಲಜ ಅಮ್ಮನಾಗಿ ಕೂತವಳು ಇದ್ದಕ್ಕಿದ್ದಂತೆ ಅತ್ತುಬಿಟ್ಟಳು. ಅವಳ ಅಕ್ಕನನ್ನು ಯಾವುದೋ ಊರಿನಲ್ಲಿ ಹೀಗೇ ಸೇರಿಸಿ, ಒಂದು ವರ್ಷ ಹಾಳಾಗಿತ್ತಂತೆ. ಎರಡು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ಅದು ನಮಗೆ ಗೊತ್ತಿರಲಿಲ್ಲ.

ಅವರು ಕಲಿಸಿದ್ದರಲ್ಲಿ ದೊಡ್ಡ ಮಾತು ಯಾವುದೂ ಇರಲಿಲ್ಲ. ಬಂದವರಿಗೆ ಮೊದಲು ನೀರು ಕೊಡಿ. ಓದುವವರು ಯಾರೋ ಅವರ ಕಡೆ ಮುಖ ಮಾಡಿ ಮಾತಾಡಿ. ಅಪ್ಪ ದೊಡ್ಡ ದನಿಯವನಾದರೆ ಮಗಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ನಿಂಗೇನು ಓದ್ಬೇಕು ಅಂತ ಐತವ್ವ ಎಂದು ಅವರೇ ಕೇಳುತ್ತಿದ್ದರು. ಖಂಡಿತ ಎನ್ನುವ ಪದವನ್ನು ಕೋಣೆಯಿಂದ ಹೊರಗೆ ಹಾಕಿದರು. ಗೊತ್ತಿಲ್ಲ, ಕೇಳಿ ಹೇಳ್ತೀನಿ ಎನ್ನುವುದನ್ನು ನಮ್ಮಿಂದ ಗಟ್ಟಿಯಾಗಿ ಹತ್ತು ಹತ್ತು ಸಲ ಹೇಳಿಸಿದರು. ನಗಬೇಡಿ, ಅದು ಬಹಳ ಕಷ್ಟದ ಕೆಲಸ. ಪುಟ್ಟರಾಜುವಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಜನ ನಮ್ಮನ್ನು ಬೆಲೆ ಇಲ್ಲದವರು ಅಂದ್ಕೋತಾರೆ ಸಾರ್ ಎನ್ನುತ್ತಿದ್ದ. ಪ್ರತಿ ಮೇಜಿಗೂ ಒಂದು ನೋಟ್‌ಬುಕ್ಕು ತರಿಸಿದರು. ಯಾರು ಏನು ಕೇಳಿದರು, ನಾವು ಏನು ಹೇಳಿದೆವು, ಎರಡನ್ನೂ ಬರೆದು ಸಹಿ ಮಾಡಬೇಕು. ಬರೆದು ಸಹಿ ಮಾಡಬೇಕೆಂದು ಗೊತ್ತಾದ ಮೇಲೆ ನಮ್ಮ ಅರ್ಧ ಸುಳ್ಳು ತಾನಾಗಿ ನಿಂತುಹೋಯಿತು. ಲ್ಯಾಬು ನೋಡಬೇಕೆಂದವರಿಗೆ ಪ್ರಾಸ್ಪೆಕ್ಟಸಿನ ಬಣ್ಣದ ಫೋಟೋ ತೋರಿಸಬಾರದು, ಲ್ಯಾಬಿಗೇ ಕರೆದುಕೊಂಡು ಹೋಗಬೇಕು. ಹೋದರೆ ಅಲ್ಲಿ ಇದ್ದದ್ದು ಎರಡು ಮೈಕ್ರೋಸ್ಕೋಪು, ಅದರಲ್ಲಿ ಒಂದು ಕೆಟ್ಟದ್ದು. ಅದನ್ನೂ ಹೇಳಿ ಎನ್ನುತ್ತಿದ್ದರು.

ಆಶ್ಚರ್ಯವೆಂದರೆ ಅವರಿದ್ದ ಮೊದಲ ವರ್ಷ ಸೇರಿದವರ ಸಂಖ್ಯೆ ಇಳಿಯಲಿಲ್ಲ. ಸೆಕ್ರೆಟರಿಯವರೂ ಸುಮ್ಮನಿದ್ದರು.

ಅವರನ್ನು ದೇವರು ಮಾಡಿ ಕೂರಿಸಲು ನಾನು ಬರೆಯುತ್ತಿಲ್ಲ. ಅವರಲ್ಲೂ ಐಬುಗಳಿದ್ದವು. ಬಸ್ಸಿನ ಟೈಮು ತನಗಿಂತ ಚೆನ್ನಾಗಿ ಯಾರಿಗೂ ತಿಳಿದಿಲ್ಲ ಎನ್ನುವ ಜಂಬ ವಿಪರೀತ ಇತ್ತು. ಬಂದವರನ್ನು ಕಳಿಸುವಾಗ, ಇಷ್ಟು ಗಂಟೆಗೆ ಇಲ್ಲಿ ಇಂಥ ಬಸ್ಸು, ಅಲ್ಲಿ ಇಳಿದು ಇಂಥ ಬಸ್ಸು ಎಂದು ಚೀಟಿ ಬರೆದು ಕೊಡುತ್ತಿದ್ದರು. ಒಂದು ದಿನ ಹಾರೋಹಳ್ಳಿ ಕಡೆಯ ಗಂಡ ಹೆಂಡತಿ ಆ ಚೀಟಿ ಹಿಡಿದು ಕೈಕಂಬದ ಹತ್ತಿರ ಎರಡು ಗಂಟೆ ನಿಂತರು. ಆ ಬಸ್ಸು ನಿಂತು ಒಂದು ವರ್ಷವಾಗಿತ್ತು. ಪುಟ್ಟರಾಜು ಕಂಡು ಬಂದು ಹೇಳಿ ನಕ್ಕ. ಸಾರ್ ನಗಲಿಲ್ಲ. ಬ್ಯಾಗು ತೆಗೆದುಕೊಂಡು ಬಿಸಿಲಿನಲ್ಲಿ ಹೊರಟೇಬಿಟ್ಟರು. ಅವರಿಬ್ಬರನ್ನೂ ಬಸ್ಸು ಹತ್ತಿಸಿ ಸಂಜೆ ವಾಪಸ್ಸು ಬಂದು, ಇನ್ನು ಮೇಲೆ ಪ್ರತಿ ಸೋಮವಾರ ಬಸ್ ಸ್ಟ್ಯಾಂಡಿಗೆ ಫೋನ್ ಮಾಡಿ ಟೈಮು ಬರಕೊಳ್ಳಮ್ಮ ಎಂದು ನನಗೆ ಹೇಳಿದರು. ದನಿ ಬಹಳ ಸಣ್ಣಗಿತ್ತು.

ಇನ್ನೊಂದು ಸಲ ಅವರು ಮಾಡಿದ್ದು ನನಗೆ ಸಿಟ್ಟು ತರಿಸಿತ್ತು. ಕೆಂಪಾಪುರದಿಂದ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಇವರು ಮಾರ್ಕ್ಸ್ ಕಾರ್ಡು ನೋಡಿ, ಕೋಣೆಯ ತುಂಬ ಜನರಿದ್ದಾಗಲೇ, ನಿಂಗೆ ಈ ಲೆಕ್ಕದ ಕೋರ್ಸು ಆಗಕ್ಕಿಲ್ಲ ಕಣವ್ವ, ಮೊದಲನೇ ವರ್ಷವೇ ನಿಲ್ತೀಯ ಎಂದುಬಿಟ್ಟರು. ಹುಡುಗಿ ತಲೆ ತಗ್ಗಿಸಿದವಳು ಹೋಗುವವರೆಗೂ ಎತ್ತಲಿಲ್ಲ. ಆಮೇಲೆ ನಾನು ತಡೆಯಲಾರದೆ, ನಿಜ ಹೇಳೋದಕ್ಕೂ ಒಂದು ಮರ್ಯಾದೆ ಬೇಡವಾ ಸಾರ್ ಎಂದೆ. ಮೇಲಿನವರಿಗೆ ಹಾಗೆ ಹೇಳಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಅವರು ಬಲಗಿವಿ ಕೊಟ್ಟು ಪೂರ್ತಿ ಕೇಳಿಸಿಕೊಂಡರು. ಮುಂದಿನ ವಾರ ಬೀರುವಿನ ಹಿಂದಿನ ಜಾಗ ಖಾಲಿ ಮಾಡಿಸಿ ಎರಡು ಕುರ್ಚಿ, ಒಂದು ಪರದೆ ಹಾಕಿಸಿದರು. ಮಾರ್ಕ್ಸಿನ ಮಾತು ಇನ್ನು ಇಲ್ಲೇ ಎಂದರು. ಆ ಹುಡುಗಿಯ ಮನೆಗೆ ಒಂದು ಕಾಗದವನ್ನೂ ಬರೆದರು. ಏನು ಬರೆದರೆಂದು ತೋರಿಸಲಿಲ್ಲ.

ಊಟದ ಹೊತ್ತಿನಲ್ಲಿ ಅವರು ಒಮ್ಮೆ ತಮ್ಮ ಕೌಂಟರಿನ ಕಾಲದ ಒಂದು ಸಂಗತಿ ಹೇಳಿದರು. ಡಬ್ಬಿಯಲ್ಲಿ ಮುದ್ದೆ, ಉಪ್ಸಾರು. ತಿನ್ನುತ್ತಾ ತಿನ್ನುತ್ತಾ, ಯಾರೋ ಮೂರನೆಯವರದನ್ನು ಹೇಳುವಂತೆ ಹೇಳಿದರು. ಒಬ್ಬಳು ಹೆಣ್ಣುಮಗಳು ಟೀಚರ್ ಟ್ರೈನಿಂಗಿನ ಇಂಟರ್‌ವ್ಯೂಗೆ ಹೋಗಬೇಕಾಗಿತ್ತು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಇವರಿಗೆ ಸುದ್ದಿ ಬಂದಿತ್ತು. ಆದರೆ ಬರಲ್ಲ ಎಂದರೆ ಜನ ಕಂಬಿಗೆ ಮುತ್ತಿಗೆ ಹಾಕಿ ಜಗಳಕ್ಕೆ ನಿಲ್ಲುತ್ತಾರೆ. ಅದಕ್ಕೆ, ಬತ್ತದೆ ಬತ್ತದೆ, ಇನ್ನು ಹತ್ತು ನಿಮಿಷ ಎನ್ನುತ್ತಾ ಹೋದರು. ಬೇರೆ ಎಲ್ಲರೂ ಬೈದುಕೊಂಡು ಲಾರಿಯೋ ಟೆಂಪೋವೋ ಹತ್ತಿ ಹೋದರು. ಅವಳೊಬ್ಬಳು ಇವರ ಮಾತು ನಂಬಿ ಕೂತಳು. ಕೊನೆಗೆ ಕಂಬಿಯ ಹತ್ತಿರ ಬಂದು, ಟೈಮು ಆಗೋಯ್ತು ಸಾರ್ ಎಂದು ಹೇಳಿ ಊರಿನ ಬಸ್ಸು ಹತ್ತಿದಳು.

“ಬೈಲಿಲ್ಲ ಕಣಮ್ಮ ಅವ್ಳು. ಬೈದಿದ್ರೆ ಮರ್ತ್‌ಬುಡ್ತಿದ್ದೆ” ಎಂದರು.

ಆಮೇಲೆ ಅವಳು ಏನಾದಳು ಎಂದು ಶೈಲಜ ಕೇಳಿದಳು. ಗೊತ್ತಿಲ್ಲ, ಹೆಸರೂ ಕೇಳಿರಲಿಲ್ಲ ಎಂದು ಡಬ್ಬಿ ತೊಳೆಯಲು ಎದ್ದು ಹೋದರು.

ಇನ್ನು ದೊಡ್ಡಆಲಹಳ್ಳಿಯ ವಿಷಯ. ಅದನ್ನು ಹೇಳದೆ ಅವರನ್ನು ಹೇಳಿದಂತಾಗುವುದಿಲ್ಲ. ಅದರಲ್ಲಿ ತಪ್ಪು ನನ್ನದು.

ಎರಡನೇ ವರ್ಷ ಕಾಲೇಜಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ ಶುರು ಮಾಡುವುದೆಂದು ಬೋರ್ಡು ಬರೆಸಿದರು. ಆದರೆ ಸರ್ಕಾರದ ಮಾನ್ಯತೆ ಇನ್ನೂ ಬಂದಿರಲಿಲ್ಲ. ಕೇಳಿದವರಿಗೆ ಬಂದಿದೆ ಎಂದೇ ಹೇಳಿ, ಹೇಗೂ ಬರುತ್ತದೆ ಎಂದು ಸೆಕ್ರೆಟರಿಯವರು ನನ್ನೊಬ್ಬಳನ್ನೇ ಕರೆದು ಹೇಳಿದರು. ಸಾರ್ ಆಗ ಮಗಳ ಬಾಣಂತನಕ್ಕೆಂದು ಹತ್ತು ದಿನ ರಜೆಯಲ್ಲಿದ್ದರು. ಈ ಕೋರ್ಸು ತುಂಬಿದರೆ ನಿನ್ನನ್ನು ಪರ್ಮನೆಂಟು ಮಾಡುತ್ತೇನೆ ಎಂದೂ ಸೆಕ್ರೆಟರಿ ಹೇಳಿದ್ದರು. ನಾನು ಹಳೆಯ ದನಿಯನ್ನು ಮತ್ತೆ ಹೊರಗೆ ತೆಗೆದೆ. ಹತ್ತು ದಿನದಲ್ಲಿ ಹನ್ನೆರಡು ಜನ ಸೇರಿದರು. ಸೇರಿದವರ ಒರಿಜಿನಲ್ ಮಾರ್ಕ್ಸ್ ಕಾರ್ಡು, ಟಿ.ಸಿ. ಎಲ್ಲವನ್ನೂ ತೆಗೆದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕುವುದು ಕಾಲೇಜಿನ ಪದ್ಧತಿ. ಒಮ್ಮೆ ಒಳಗೆ ಹೋದರೆ ಹೊರಗೆ ಬರುವುದು ಸುಲಭವಿರಲಿಲ್ಲ. ಮಕ್ಕಳು ಬೇರೆ ಕಡೆ ಹೋಗದ ಹಾಗೆ ಹಿಡಿದಿಡುವ ಉಪಾಯ ಅದು.

ಆ ಹನ್ನೆರಡು ಜನರಲ್ಲಿ ಒಬ್ಬಳು ದೊಡ್ಡಆಲಹಳ್ಳಿಯ ಪವಿತ್ರ. ಅವಳಿಗೆ ಮಂಡ್ಯದ ಸರ್ಕಾರಿ ನರ್ಸಿಂಗ್ ಶಾಲೆಯ ಪಟ್ಟಿಯಲ್ಲೂ ಹೆಸರು ಬಂದಿತ್ತು. ದೂರ, ಒಬ್ಬಳೇ ಇರಬೇಕು ಎಂದು ಅವಳ ತಾಯಿ ಹಿಂಜರಿಯುತ್ತಿದ್ದಳು. ಅಷ್ಟು ದೂರ ಯಾಕೆ, ಇಲ್ಲಿ ಅದಕ್ಕಿಂತ ಒಳ್ಳೆಯ ಕೋರ್ಸಿದೆ, ಮಾನ್ಯತೆಯೂ ಬಂದಿದೆ, ಖಂಡಿತ ಕೆಲಸ ಸಿಗುತ್ತದೆ ಎಂದು ನಾನೇ ಹೇಳಿ ಸೇರಿಸಿದ್ದೆ.

ರಜೆ ಮುಗಿಸಿ ಬಂದ ದಿನ ಅವರು ನನ್ನ ನೋಟ್‌ಬುಕ್ಕು ಕೇಳಿದರು. ಆ ಹತ್ತು ದಿನದ ಹಾಳೆಗಳು ಖಾಲಿ. ಯಾಕೆ ಎಂದರು. ಅವರು ಕಾದರು, ಜನರಿಗೆ ಕಾಯುವ ಹಾಗೆಯೇ. ಕೊನೆಗೆ ಎಲ್ಲವನ್ನೂ ಹೇಳಿದೆ. ಪವಿತ್ರಳ ಮಂಡ್ಯದ ಸೀಟಿನ ವಿಷಯ ಬಂದಾಗ, ಸೇರೋಕೆ ಕೊನೇ ದಿನ ಯಾವತ್ತು ಎಂದು ಕೇಳಿದರು. ನಾಳೆ ಎಂದೆ.

ಅವರು ಬೀರುವಿನ ಬೀಗ ತೆಗೆದರು. ಪವಿತ್ರಳ ಫೈಲು ಹುಡುಕಿ ಮಾರ್ಕ್ಸ್ ಕಾರ್ಡು, ಟಿ.ಸಿ. ಎರಡನ್ನೂ ತೆಗೆದು ಒಂದು ಕವರಿಗೆ ಹಾಕಿದರು. ರಿಜಿಸ್ಟರಿನಲ್ಲಿ ಕೊಂಡೊಯ್ದಿದ್ದೇನೆ ಎಂದು ಬರೆದು, ಹೊತ್ತು ಹಾಕಿ ಸಹಿ ಮಾಡಿದರು. ಸೆಕ್ರೆಟರಿಯವರ ಅನುಮತಿ ಇಲ್ಲದೆ ಆ ಬೀರುವಿನಿಂದ ಒಂದು ಹಾಳೆಯೂ ಹೊರಗೆ ಹೋಗಬಾರದೆಂದು ನಮಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೊರಡಮ್ಮ ಎಂದರು. ಫೋನ್ ಮಾಡಿ ಹೇಳೋಣವಾ ಸಾರ್ ಎಂದು ನಾನು ಕೇಳಿದೆ. ಸುಳ್ಳನ್ನ ಫೋನಲ್ಲಿ ಹೇಳಿದ್ದಾಯ್ತು, ನಿಜಾನ ಎದುರಿಗೆ ನಿಂತು ಹೇಳು ಎಂದರು.

ಕನಕಪುರದವರೆಗೆ ಒಂದು ಬಸ್ಸು, ಅಲ್ಲಿಂದ ಸಂಗಮದ ರಸ್ತೆಯಲ್ಲಿ ಇನ್ನೊಂದು. ಅವರೇ ಎಲ್ಲ ಹೇಳಿಬಿಡುತ್ತಾರೆ, ನಾನು ಪಕ್ಕದಲ್ಲಿ ನಿಂತರೆ ಸಾಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಪವಿತ್ರಳ ಮನೆಯಲ್ಲಿ ಅವತ್ತು ಹುಳು ಹಣ್ಣಾಗಿತ್ತು. ರೇಷ್ಮೆ ಹುಳು ಹಣ್ಣಾದ ದಿನ ಆ ಮನೆಯವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಂಕಿ ತಟ್ಟಿಗೆ ಬಿಡಬೇಕು. ತಾಯಿ ಮಗಳು ಇಬ್ಬರೂ ಹುಳುಮನೆಯಲ್ಲಿ ಬಗ್ಗಿ ಕೂತಿದ್ದರು. ನನ್ನನ್ನು ಕಂಡು ತಾಯಿ ನಕ್ಕಳು, ಕಾಲೇಜು ಇಷ್ಟು ಬೇಗ ಶುರುವಾಯ್ತಾ ಎಂದಳು. ಇವರನ್ನು ನೋಡಿ, ನೀವು ಕನಕಪುರದ ಬಸ್ ಸ್ಟ್ಯಾಂಡಿನವರಲ್ವಾ ಸ್ವಾಮಿ ಎಂದು ಗುರುತು ಹಿಡಿದಳು. ಅವರು ಹೌದೆಂದು ತಲೆಯಾಡಿಸಿ, ಈ ಯಮ್ಮ ನಿಮ್ಗೆ ಒಂದು ಮಾತು ಹೇಳ್ಬೇಕಂತೆ ಎಂದು ಹೇಳಿ ಬಾಗಿಲಿಗೆ ಒರಗಿ ನಿಂತುಬಿಟ್ಟರು.

ಏನು ಹೇಳಿದೆನೋ, ಯಾವ ಕ್ರಮದಲ್ಲಿ ಹೇಳಿದೆನೋ ನನಗೆ ಈಗ ಪೂರ್ತಿ ಜ್ಞಾಪಕವಿಲ್ಲ. ಮಾನ್ಯತೆ ಬಂದಿಲ್ಲ, ಬಂದಿದೆ ಎಂದು ನಾನು ಹೇಳಿದ್ದು ಸುಳ್ಳು, ನನಗೆ ಗೊತ್ತಿದ್ದೇ ಹೇಳಿದೆ ಎಂದದ್ದು ಮಾತ್ರ ಜ್ಞಾಪಕವಿದೆ. ತಾಯಿಯ ಕೈಗಳು ಹುಳು ಆರಿಸುವುದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ತಲೆ ಎತ್ತದೆ ಕೇಳಿದಳು:

“ನೀನೂ ಒಂದು ಹೆಣ್ಣುಮಗಳಲ್ವೇನವ್ವ?”

ಆಗ ಅವರು ಮುಂದೆ ಬಂದು ಕವರನ್ನು ಪವಿತ್ರಳ ಕೈಗೆ ಕೊಟ್ಟರು. ನಾಳೆ ಸಂಜೆಯೊಳಗೆ ಮಂಡ್ಯಕ್ಕೆ ಹೋಗಿ ಸೇರಿಕೊಂಡರೆ ಆ ಸೀಟು ಇನ್ನೂ ಅವಳದೇ ಎಂದು ವಿವರಿಸಿದರು. ಬೇಡವೆಂದು ನಮ್ಮ ಕಾಲೇಜಿನಲ್ಲೇ ಓದುವುದಾದರೂ ಅವರ ಇಷ್ಟ, ಆದರೆ ಮಾನ್ಯತೆ ಯಾವಾಗ ಬರುತ್ತದೆಂದು ತನಗೆ ತಿಳಿಯದು ಎಂದರು. ಪವಿತ್ರ ಕವರನ್ನು ತೆರೆದು ಮಾರ್ಕ್ಸ್ ಕಾರ್ಡು ಇದೆಯೇ ಎಂದು ನೋಡಿದಳು. ಆಮೇಲೆ ನನ್ನನ್ನು ಬಿಟ್ಟು ಅವರನ್ನು ಕೇಳಿದಳು:

“ಅಲ್ಲಿ ಓದಿದ್ರೆ ಕೆಲಸ ಸಿಕ್ತದಾ ಸಾರ್?”

“ಅದು ನಂಗೆ ಗೊತ್ತಿಲ್ಲ ಕಣವ್ವ. ಆ ಸ್ಕೂಲ್ಗೆ ಮಾನ್ಯತೆ ಐತೆ, ಹಾಸ್ಟೆಲ್ ಐತೆ. ಅಷ್ಟು ಗೊತ್ತು. ಉಳಿದಿದ್ದು ನೀನು ಓದೋದ್ರ ಮೇಲೆ.”

ಅವಳು ತಾಯಿಯ ಮುಖ ನೋಡಿದಳು. ತಾಯಿ, ಹುಳ ನಾನೊಬ್ಬಳೇ ಬುಟ್ಕೋತೀನಿ, ನೀನು ಬಟ್ಟೆ ಜೋಡಿಸ್ಕೋ ಹೋಗು ಎಂದಳು. ಅವರು ಜೇಬಿನಿಂದ ಚೀಟಿ ತೆಗೆದು ಬೆಳಿಗ್ಗೆಯ ಬಸ್ಸುಗಳನ್ನು ಬರೆದು ಕೊಟ್ಟರು. ಬರೆಯುವ ಮೊದಲು ನನ್ನ ಕಡೆ ತಿರುಗಿ ಟೈಮು ಕೇಳಿದರು. ಸೋಮವಾರ ಬರೆದುಕೊಂಡಿದ್ದ ಟೈಮು ಹೇಳಿದೆ. ಆಮೇಲೆ ನಾವು ಹೊರಡಲಿಲ್ಲ. ಅವರು ಅಂಗಿಯ ತೋಳು ಇನ್ನೊಂದು ಸುತ್ತು ಮಡಿಸಿ, ಕೈ ಜಾಸ್ತಿ ಆದ್ರೆ ಬೇಗ ಆಯ್ತದೆ ಎಂದು ಹುಳು ಆರಿಸಲು ಕೂತರು. ನಾನೂ ಕೂತೆ. ಕೊನೆಯ ಬಸ್ಸಿನ ಹೊತ್ತಿನವರೆಗೂ ನಾವು ಮೂವರೂ ಆ ಕೆಲಸ ಮಾಡಿದೆವು. ಹೊರಡುವಾಗ ಆ ತಾಯಿ ಅವರಿಗೆ ಕೈ ಮುಗಿದಳು. ನನ್ನನ್ನು ನೋಡಲಿಲ್ಲ.

ಪವಿತ್ರ ಮಾರನೆಯ ದಿನ ಮಂಡ್ಯಕ್ಕೆ ಹೋಗಿ ಸೇರಿದಳು. ಅವಳು ಕಟ್ಟಿದ್ದ ಫೀಸು ವಾಪಸ್ಸು ಕೊಡಿಸಲು ಪುಟ್ಟರಾಜು ಎರಡು ತಿಂಗಳು ಅಲೆದ. ಎಷ್ಟೋ ವರ್ಷಗಳ ಮೇಲೆ ನಮ್ಮ ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಅವಳನ್ನು ನರ್ಸಿನ ಉಡುಪಿನಲ್ಲಿ ಕಂಡೆ. ಅವಳಿಗೆ ನನ್ನ ಗುರುತು ಸಿಗಲಿಲ್ಲ. ನಾನೂ ಹೇಳಿಕೊಳ್ಳಲಿಲ್ಲ. ಅತ್ತೆಗೆ ಸೂಜಿ ಚುಚ್ಚುವ ಮೊದಲು, ಒಸಿ ನೋವಾಯ್ತದೆ ಅಜ್ಜಿ ಎಂದು ಮುಂಚೆಯೇ ಹೇಳಿ ಚುಚ್ಚಿದಳು.

ನಾವು ದೊಡ್ಡಆಲಹಳ್ಳಿಗೆ ಹೋಗಿ ಬಂದ ಮರುದಿನವೇ ಸೆಕ್ರೆಟರಿಯವರು ಅವರನ್ನು ಕರೆಸಿದರು. ಬಾಗಿಲು ಹಾಕಿರಲಿಲ್ಲ, ನಮಗೆ ಎಲ್ಲ ಕೇಳುತ್ತಿತ್ತು. ಯಾರನ್ನು ಕೇಳಿ ತೆಗೆದಿರಿ ಎಂದು ಸೆಕ್ರೆಟರಿ ಕೂಗಾಡಿದರು. ಸಾರ್ ರಿಜಿಸ್ಟರನ್ನು ತೆಗೆದುಕೊಂಡು ಹೋಗಿದ್ದರು. ತಮ್ಮ ಸಹಿ ತೋರಿಸಿ, ಕೇಳಲಿಲ್ಲ, ತಪ್ಪು ನಂದೇ ಎಂದರು. ಆದರೆ ಉಳಿದ ಹನ್ನೊಂದು ಜನಕ್ಕೂ ತಿಳಿಸಬೇಕು, ತಿಳಿದ ಮೇಲೆ ಇರೋರು ಇರಲಿ, ಹೋಗೋರು ಹೋಗಲಿ ಎಂದರು. ನನ್ನ ಹೆಸರನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾನು ಒಳಗೆ ಹೋಗಿ, ಸುಳ್ಳು ಹೇಳಿದ್ದು ನಾನು, ಹೇಳಿಸಿದ್ದು ನೀವು ಎಂದು ಹೇಳಬಹುದಾಗಿತ್ತು. ಎದ್ದು ನಿಂತೆ ಕೂಡ. ಹೋಗಲಿಲ್ಲ. ನನ್ನ ತಮ್ಮ ಆಗ ಓದುತ್ತಿದ್ದ, ಮನೆಗೆ ನನ್ನ ಸಂಬಳವೇ ಆಸರೆಯಾಗಿತ್ತು. ಇದು ಕಾರಣವೇ ಹೊರತು ಸಮಜಾಯಿಷಿ ಅಲ್ಲ.

ಸಂಜೆಗೆ ಅವರನ್ನು ನಾಳೆಯಿಂದ ಬರಬೇಡಿ ಎಂದರು. ಅವರು ಕೋಣೆಗೆ ಬಂದು ಡಬ್ಬಿ, ಎರಡು ಪೆನ್ನು, ಒಂದು ಟವೆಲ್ಲು ಬ್ಯಾಗಿಗೆ ಹಾಕಿಕೊಂಡರು. ನಮಗೆ ಉಪದೇಶವೇನೂ ಮಾಡಲಿಲ್ಲ. ಬೀರುವಿನ ಹಿಂದಿನ ಪರದೆ ಕೊಳೆಯಾಗಿದೆ, ಒಗೆಸಿ ಎಂದರು. ನಾನು ಅಳುತ್ತಿದ್ದೆ. ಹೋಗುವಾಗ ನನ್ನ ಮೇಜಿನ ಹತ್ತಿರ ಒಂದು ಕ್ಷಣ ನಿಂತು, ಹನ್ನೊಂದು ಜನರ ನಂಬರು ನಿನ್ನ ಹತ್ರಾನೇ ಐತಲ್ಲಮ್ಮ ಎಂದು ಕೇಳಿ ಹೊರಟುಹೋದರು.

ಆ ವಾರ ನಾನೂ ಪುಟ್ಟರಾಜುವೂ ಹನ್ನೊಂದು ಮನೆಗೂ ತಿಳಿಸಿದೆವು. ಕಾಲೇಜಿನ ಫೋನಿನಿಂದಲ್ಲ, ಹೊರಗಿನ ಬೂತಿನಿಂದ. ಶೈಲಜ ಬಂದವರು ಹೋದವರನ್ನು ನೋಡಿಕೊಂಡು ನಮಗೆ ಬಿಡುವು ಮಾಡಿಕೊಟ್ಟಳು. ಅಪ್ಪಂದಿರು ಬಂದು ಜಗಳ ಮಾಡಿ ಏಳು ಜನರ ಮಾರ್ಕ್ಸ್ ಕಾರ್ಡು ಬಿಡಿಸಿಕೊಂಡು ಹೋದರು. ನಾಲ್ಕು ಜನ ತಿಳಿದೂ ಉಳಿದರು. ಮಾನ್ಯತೆ ಬಂದದ್ದು ಮುಂದಿನ ವರ್ಷ. ಆ ನಾಲ್ವರಿಗೆ ಒಂದು ವರ್ಷ ಹೋಯಿತು. ಫೋನ್ ಮಾಡಿದ್ದು ಯಾರೆಂದು ಸೆಕ್ರೆಟರಿಯವರಿಗೆ ಅನುಮಾನವಿತ್ತು, ಸಾಕ್ಷಿ ಸಿಗಲಿಲ್ಲ. ನಾನು ಪರ್ಮನೆಂಟಾಗಲು ಇನ್ನೂ ಐದು ವರ್ಷ ಹಿಡಿಯಿತು.

ಸಾರ್ ಚನ್ನಪಟ್ಟಣದ ತಮ್ಮ ಮನೆಯಲ್ಲೇ ಇದ್ದರು. ಯುಗಾದಿಗೊಮ್ಮೆ ಹೋಗಿ ಕಂಡು ಬರಬೇಕು ಎಂದುಕೊಳ್ಳುತ್ತಿದ್ದೆ, ನಾಚಿಕೆಯಿಂದ ಹೋಗುತ್ತಿರಲಿಲ್ಲ. ಹೀಗೇ ವರ್ಷಗಳು ಕಳೆದವು. ಪುಟ್ಟರಾಜು ಕೆಲಸ ಬಿಟ್ಟು ಅಂಗಡಿ ಇಟ್ಟ. ಶೈಲಜ ಮದುವೆಯಾಗಿ ಹೋದಳು. ನಾನು ಆ ಸೆಕ್ಷನ್ನಿನ ಮುಖ್ಯಸ್ಥಳಾದೆ. ನನ್ನ ಕೈಕೆಳಗೆ ಆರು ಜನ ಹುಡುಗ ಹುಡುಗಿಯರು ಬಂದರು.

ಕಳೆದ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ, ಕೋಣೆ ತುಂಬ ಜನರಿದ್ದಾಗ, ಎದುರಿನ ಕುರ್ಚಿಯಲ್ಲಿ ಯಾರೋ ವಯಸ್ಸಾದವರು ಬಂದು ಕೂತರು. ಕೈಯಲ್ಲಿ ಕೋಲು, ಪಕ್ಕದಲ್ಲಿ ಒಬ್ಬಳು ಹುಡುಗಿ. ತಲೆ ಎತ್ತಿ ನೋಡಿದರೆ ಅವರು. ತುಂಬ ಇಳಿದುಹೋಗಿದ್ದರು. ನಾನು ಎದ್ದು ನಿಂತೆ. ಕೂತ್ಕೊ ಎಂದು ಕೈಯಲ್ಲೇ ಹೇಳಿ, ತಮ್ಮನ ಮೊಮ್ಮಗಳು, ಇಲ್ಲಿ ಬಿ.ಎಸ್ಸಿ.ಗೆ ಸೇರ್ತೀನಿ ಅಂತಾಳೆ, ಕೇಳ್ಕೊಂಡ್ ಹೋಗಣ ಅಂತ ಬಂದ್ವಿ ಎಂದರು. ಬೇರೆ ಏನೂ ಇಲ್ಲ, ಹಳೆಯ ಪರಿಚಯದ ಮಾತೂ ಇಲ್ಲ.

ನಾನು ಹುಡುಗಿಯ ಕಡೆ ತಿರುಗಿ ಕೂತೆ. ಏನಾಗಬೇಕೆಂದಿದ್ದೀಯ ಎಂದು ಕೇಳಿದೆ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಬೇಕು ಎಂದಳು. ಅವಳ ಮಾರ್ಕ್ಸು ಚೆನ್ನಾಗಿತ್ತು. ಆ ಹೊತ್ತಿಗೆ ಸೆಕ್ರೆಟರಿಯವರ ಮಗ, ಈಗ ಕಾಲೇಜು ನೋಡಿಕೊಳ್ಳುವವರು, ಯಾವುದೋ ಫೈಲಿಗೆಂದು ಬಂದು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ನನಗೆ ಅದು ಗೊತ್ತಿತ್ತು. ನಮ್ಮಲ್ಲಿ ಕೆಮಿಸ್ಟ್ರಿಗೆ ಎರಡು ವರ್ಷದಿಂದ ಕಾಯಂ ಮೇಷ್ಟ್ರಿಲ್ಲ ಎಂದು ಹೇಳಿದೆ. ಬಂದವರು ವರ್ಷ ತುಂಬುವ ಮೊದಲೇ ಹೋಗುತ್ತಾರೆ. ನಿನಗೆ ಇರುವ ಆಸೆಗೆ, ಇರುವ ಮಾರ್ಕ್ಸಿಗೆ, ನಿಮ್ಮೂರಿನ ಹತ್ತಿರದ ಸರ್ಕಾರಿ ಕಾಲೇಜೇ ಒಳ್ಳೆಯದು, ಅಲ್ಲಿ ಹೋಗಿ ಒಮ್ಮೆ ಲ್ಯಾಬು ನೋಡು ಎಂದೆ. ಬೆನ್ನ ಹಿಂದಿನವರು ಫೈಲನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟು ಹೊರಗೆ ಹೋದರು.

ಹುಡುಗಿ ಥ್ಯಾಂಕ್ಸ್ ಮೇಡಂ ಎಂದು ಎದ್ದಳು. ಅವರು ಏಳಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಬಲಗಿವಿಯನ್ನು ನನ್ನ ಕಡೆ ಓರೆ ಮಾಡಿ ಕೇಳಿದರು:

“ನಾನು ಬಂದಿವ್ನಿ ಅಂತ ಹಿಂಗೆ ಹೇಳ್ದೆಯೋ, ಎಲ್ಲಾರ್ಗೂ ಹಿಂಗೇ ಹೇಳ್ತೀಯೋ?”

ಸುತ್ತಲೂ ನನ್ನ ಕೈಕೆಳಗಿನ ಮಕ್ಕಳೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಹೌದು ಸಾರ್, ಎಲ್ಲರಿಗೂ ಎಂದುಬಿಡುವುದು ಸುಲಭವಾಗಿತ್ತು. ಅವರಿಗೆ ಸಂತೋಷವಾಗುತ್ತಿತ್ತು.

“ಎಲ್ಲಾರ್ಗೂ ಹೇಳಕ್ಕಾಗಲ್ಲ ಸಾರ್. ಹೇಳಬೇಕು ಅನ್ಕೋತೀನಿ. ಕೆಲವು ದಿನ ಹೆದರಿಕೆ ಆಗುತ್ತೆ. ಸುಳ್ಳು ಹೇಳಲ್ಲ, ಆದ್ರೆ ಅವರು ಕೇಳದೇ ಇದ್ದರೆ ನಾನೂ ಹೇಳದೆ ಬಿಟ್ಟುಬಿಡ್ತೀನಿ.”

ಅವರು ಕೋಲೂರಿ ಎದ್ದು, ಮೇಜಿನ ಈಚೆ ಬಂದು, ನನ್ನ ತಲೆಯ ಮೇಲೆ ಕೈ ಇಟ್ಟರು. ಅಷ್ಟು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವರಲ್ಲ.

“ಸರಿ ಕಣಮ್ಮ” ಎಂದರು. “ಕೇಳ್ದೇ ಇರೋರ್ಗೂ ಹೇಳೋದ್ನ ನಾಳೆಯಿಂದ ಶುರು ಮಾಡು.”